ಮಗು ತಡವರಿಸುವುದು ಎಲ್ಲಿ, ಯಾವ ಭಾಷೆಯಲ್ಲಿ? ಕಾಸರಗೋಡಿನಲ್ಲಿ ಮನೆಪಾಠ ಹೇಳುವವರಿಗೊಂದು ಮಾರ್ಗದರ್ಶಿ

ಜೂನ್‌ನಲ್ಲಿ ಶಾಲೆ ತೆರೆದು ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಜಗಲಿಗೆ ಹೊಸ ಮಕ್ಕಳು ಬರುತ್ತಾರೆ. ಜೊತೆಗೆ ಬಂದ ಅಮ್ಮನೋ ಅಜ್ಜನೋ ನೀರು ಸುರಿಯುವ ಕೊಡೆಯನ್ನು ಮೂಲೆಗೆ ಒರಗಿಸಿಟ್ಟು ಹೇಳುವ ಮೊದಲ ಮಾತು ಹೆಚ್ಚು ಕಡಿಮೆ ಒಂದೇ: “ಇವನಿಗೆ ಕೇಳಿದ್ದು ತಲೆಗೆ ಹೋಗುತ್ತದೆ, ಓದಿದ್ದು ಹೋಗುವುದಿಲ್ಲ.” ಇಲ್ಲವೇ, “ಇವಳಿಗೆ ಚಿತ್ರ ಬರೆದು ತೋರಿಸಿದರೆ ಮಾತ್ರ ಅರ್ಥವಾಗುವುದು.” ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಪಾಠ ಹೇಳಲು ತೊಡಗಿದ ಹೊಸತರಲ್ಲಿ ನಾನು ಈ ಮಾತನ್ನು ಹಾಗೆಯೇ ನಂಬುತ್ತಿದ್ದೆ.

ಎಂಟನೆಯ ತರಗತಿಯ ಒಬ್ಬ ಹುಡುಗನಿದ್ದ. ರಾತ್ರಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ಕೇಳಿ ಬಂದರೆ ಮರುದಿನ ಅರ್ಥಧಾರಿಗಳ (ಪಾತ್ರಗಳ ಮಾತು ಆಡುವವರ) ಮಾತನ್ನು ಅದೇ ಏರಿಳಿತದಲ್ಲಿ ಒಪ್ಪಿಸುತ್ತಿದ್ದ. ಇವನು ಕಿವಿಯಿಂದ ಕಲಿಯುವವನು ಎಂದು ತೀರ್ಮಾನಿಸಿ ಇಡೀ ವರ್ಷ ವಿಜ್ಞಾನವನ್ನು ಕತೆಯಾಗಿ ಹೇಳಿದೆ. ಅವನು ಖುಷಿಯಿಂದ ಕೇಳಿದ, ನಾನೂ ಖುಷಿಯಿಂದ ಹೇಳಿದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕಾದ ಪ್ರಶ್ನೆ ಬಂದಾಗ ಹಾಳೆಯನ್ನು ಖಾಲಿ ಬಿಟ್ಟು ಬಂದ. ವರ್ಷವಿಡೀ ಅವನ ಕೈಗೆ ಪೆನ್ಸಿಲ್ ಕೊಟ್ಟು ನಾನು ಒಂದು ಚಿತ್ರವನ್ನೂ ಬರೆಸಿರಲಿಲ್ಲ. ಆ ಖಾಲಿ ಹಾಳೆಗೆ ನಾನೇ ಹೊಣೆ. ಅಂದಿನಿಂದ ಕಲಿಸುವ ಕ್ರಮವನ್ನು ಬದಲಾಯಿಸಿಕೊಂಡಿದ್ದೇನೆ. ಹೊಸದಾಗಿ ಮನೆಪಾಠಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ‘ಕಲಿಕೆಯ ಶೈಲಿ’ಯ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳೋಣ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ನಾಲ್ಕು ಬಗೆಯ ವಿಂಗಡಣೆಯನ್ನು ಪ್ರಚಾರಕ್ಕೆ ತಂದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಶಿಕ್ಷಕರ ತರಬೇತಿಗಳಲ್ಲಿ ಇದು ಇಂದಿಗೂ ಕೇಳಿಬರುತ್ತದೆ. ಆದರೆ 2008ರಲ್ಲಿ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಮಗುವಿನ ‘ಶೈಲಿ’ಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟಗಳು ಇರುವುದು ನಿಜ. ಇಷ್ಟವಾದ ದಾರಿಯಲ್ಲೇ ಹೆಚ್ಚು ಕಲಿಯುತ್ತಾರೆ ಎಂಬುದು ಮಾತ್ರ ಸಾಬೀತಾಗಿಲ್ಲ. ಹಾಗಾದರೆ ಒಂದೊಂದು ಮಗುವಿಗೆ ಒಂದೊಂದು ರೀತಿ ಕಲಿಸುವುದು ವ್ಯರ್ಥವೇ? ಖಂಡಿತ ಅಲ್ಲ. ಒಬ್ಬರಿಗೊಬ್ಬರು ಕುಳಿತು ಕಲಿಯುವುದರಿಂದ ಲಾಭವಿದೆ ಎಂಬುದಕ್ಕೆ ಪುರಾವೆ ಧಾರಾಳವಾಗಿದೆ. ಹೊಂದಿಸಿಕೊಳ್ಳಬೇಕಾದದ್ದು ಯಾವುದಕ್ಕೆ ಎಂಬುದಷ್ಟೇ ಪ್ರಶ್ನೆ. ಕಣ್ಣು ಕಿವಿಗಳ ವಿಂಗಡಣೆಗಿಂತ ಮಗುವಿಗೆ ಈಗಾಗಲೇ ಏನು ಗೊತ್ತಿದೆ, ಅದು ಎಲ್ಲಿ ತಡವರಿಸುತ್ತದೆ, ಯಾವ ಭಾಷೆಯಲ್ಲಿ ಯೋಚಿಸುತ್ತದೆ ಎಂಬ ಮೂರು ಸಂಗತಿಗಳು ಮುಖ್ಯ. ಮೂರನೆಯದಂತೂ ನಮ್ಮ ಜಿಲ್ಲೆಯಲ್ಲಿ ಉಳಿದೆರಡನ್ನೂ ಮರೆಮಾಡಿಬಿಡುತ್ತದೆ.

ಮೊದಲ ಎರಡು ದಿನ ಕಲಿಸಬೇಡಿ

ಹೌದು, ಎರಡು ದಿನ ಪುಸ್ತಕ ತೆರೆಯಬೇಡಿ. ಮಗುವಿನ ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರಿಗೆ ಕುಳಿತರೆ ಅದು ಪರೀಕ್ಷೆಯಾಗುತ್ತದೆ. ಅದರ ಮನೆಯಲ್ಲಿ ಅಡಿಕೆ ಒಣಗಿಸಿ ಸುಲಿಯುವ ತನಕದ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿ. ತೋಟವಿಲ್ಲದಿದ್ದರೆ ಶಾಲೆಯಿಂದ ಮನೆಗೆ ಬರುವ ದಾರಿಯನ್ನು ಹೇಳಿಸಿ. ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ. ಅನುಕ್ರಮ ತಪ್ಪದೆ ಹೇಳುತ್ತದೆಯೇ? ಕೈಯಲ್ಲಿ ಗಾಳಿಯಲ್ಲೇ ನಕ್ಷೆ ಬರೆಯುತ್ತದೆಯೇ? ಯಾವ ಘಳಿಗೆಯಲ್ಲಿ ಕನ್ನಡ ಬಿಟ್ಟು ತುಳುವಿಗೋ ಮಲಯಾಳಕ್ಕೋ ಜಾರುತ್ತದೆ? ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯ ದಿನ ಹಿಂದಿನ ತರಗತಿಯ ನಾಲ್ಕೈದು ಲೆಕ್ಕ ಕೊಟ್ಟು, ಮಾಡುತ್ತಲೇ ಬಾಯಿಬಿಟ್ಟು ಹೇಳಲು ತಿಳಿಸಿ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಹೇಳಬೇಡಿ. ಎಂಟನೆಯ ತರಗತಿಯಲ್ಲಿ ಬೀಜಗಣಿತ ಬಾರದ ಎಷ್ಟೋ ಮಕ್ಕಳು ನಿಜವಾಗಿ ನಿಂತುಹೋಗಿರುವುದು ಐದನೆಯ ತರಗತಿಯ ಭಿನ್ನರಾಶಿಯ ಹತ್ತಿರ. ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದು, ಏಕೆಂದರೆ ನಾಲ್ಕು ದೊಡ್ಡ ಸಂಖ್ಯೆ ಎಂದು ನಂಬಿರುವ ಮಗುವಿಗೆ ಸಮೀಕರಣ ಹೇಳಿಕೊಟ್ಟರೆ ನೀರಿನ ಮೇಲೆ ಬರೆದಂತೆ.

ಇದೇ ಎರಡು ದಿನಗಳಲ್ಲಿ ಇನ್ನೊಂದನ್ನು ಗಮನಿಸಿ. ಮಗು ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುತ್ತದೆಯೇ, ಹೇಳಿದ್ದನ್ನು ಪದೇ ಪದೇ ‘ಆಂ?’ ಎನ್ನುತ್ತದೆಯೇ, ಅಕ್ಷರಗಳು ಸತತವಾಗಿ ಅದಲು ಬದಲಾಗುತ್ತವೆಯೇ. ಅಂಥದ್ದು ಕಂಡರೆ ಮನೆಯವರಿಗೆ ಮೃದುವಾಗಿ ತಿಳಿಸಿ, ಕಣ್ಣು ಕಿವಿ ಪರೀಕ್ಷೆ ಮಾಡಿಸಲು ಮತ್ತು ತಜ್ಞರನ್ನು ಕಾಣಲು ಹೇಳಿ. ಕನ್ನಡಕ ಬೇಕಾದ ಮಗುವನ್ನು ‘ಕೇಳಿ ಕಲಿಯುವವಳು’ ಎಂದು ತಿಳಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಭಾಷೆಯ ತೊಡಕನ್ನು ವಿಷಯದ ತೊಡಕಿನಿಂದ ಬೇರ್ಪಡಿಸಿ

ಇದು ನನ್ನ ಪಾಲಿಗೆ ಇಡೀ ಕೆಲಸದ ಅರ್ಧ ಭಾಗ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಸಂಗಮದ ನಡುವೆ ನಿಂತು ಪರೀಕ್ಷೆ ಬರೆಯುವುದು ಹತ್ತು ವರ್ಷದ ಮಗು. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಬ್ಯಾರಿ, ಕೊಂಕಣಿ ಅಥವಾ ಮಲಯಾಳ. ಬಸ್ಸಿನಲ್ಲೂ ಅಂಗಡಿಯಲ್ಲೂ ಮಲಯಾಳ. ಪಠ್ಯಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ಪ್ಲಸ್ ವನ್‌ಗೆ (ಹನ್ನೊಂದನೆಯ ತರಗತಿಗೆ) ಹೋದೊಡನೆ ಇಂಗ್ಲಿಷ್. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದ ವರ್ಷಗಳನ್ನೂ ನಮ್ಮ ಮಕ್ಕಳು ಕಂಡಿದ್ದಾರೆ.

ಬೇರ್ಪಡಿಸುವ ವಿಧಾನ ಸರಳ. ಮಗು ಒಂದು ಪ್ರಶ್ನೆಗೆ ಉತ್ತರಿಸದಿದ್ದರೆ ಅದೇ ಪ್ರಶ್ನೆಯನ್ನು ಅದರ ಮನೆಮಾತಿನಲ್ಲಿ ಕೇಳಿ. ಆಗ ಉತ್ತರ ಬಂದರೆ ವಿಷಯ ಗೊತ್ತಿದೆ, ಪದ ಗೊತ್ತಿಲ್ಲ. ಆಗಲೂ ಬಾರದಿದ್ದರೆ ವಿಷಯವನ್ನೇ ಕಲಿಸಬೇಕು. ಈ ಎರಡಕ್ಕೂ ಮದ್ದು ಬೇರೆ ಬೇರೆ. ನಿಮಗೆ ಆ ಮನೆಮಾತು ಬಾರದಿದ್ದರೆ ಮಗುವಿನ ಅಕ್ಕನನ್ನೋ ಅಜ್ಜಿಯನ್ನೋ ಹತ್ತು ನಿಮಿಷ ಜೊತೆಗೆ ಕೂರಿಸಿಕೊಳ್ಳಿ.

ಕೆಲವು ತಪ್ಪುಗಳು ಮೇಲ್ನೋಟಕ್ಕೆ ಅಜಾಗರೂಕತೆಯಂತೆ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಅವುಗಳ ಹಿಂದೆ ಇನ್ನೊಂದು ಭಾಷೆಯ ವ್ಯಾಕರಣವೇ ಇರುತ್ತದೆ. ಮಲಯಾಳದ ಕ್ರಿಯಾಪದ ಕರ್ತೃವಿಗೆ ತಕ್ಕಂತೆ ಬದಲಾಗುವುದಿಲ್ಲ. ನಾನು, ಅವನು, ಅವಳು, ಅವರು, ಎಲ್ಲರಿಗೂ ‘ಪೋಯಿ’ ಒಂದೇ. ಆದ್ದರಿಂದ ಮಲಯಾಳ ಮನೆಮಾತಿನ ಮಗು ಕನ್ನಡದಲ್ಲಿ ‘ಅವಳು ಹೋದನು’ ಎಂದು ಬರೆದರೆ ಗದರಬೇಡಿ. ಅವನು, ಅವಳು, ಅದು, ಅವರು ಎಂಬ ನಾಲ್ಕು ಕಂಬಗಳಿಗೆ ಒಂದೇ ಕ್ರಿಯಾಪದವನ್ನು ಕಟ್ಟಿಸುವ ಅಭ್ಯಾಸವನ್ನು ದಿನಕ್ಕೆ ಐದು ನಿಮಿಷ ಮಾಡಿಸಿ.

ಸಂಖ್ಯೆಗಳಲ್ಲೂ ಹೀಗೆಯೇ. ಮಲಯಾಳದಲ್ಲಿ ತೊಂಬತ್ತಕ್ಕೆ ‘ತೊಣ್ಣೂರ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದರ ಕೊನೆಯಲ್ಲಿ ‘ನೂರು’ ಕೇಳಿಸುತ್ತದೆ. ಒಂಬೈನೂರಕ್ಕೆ ‘ತೊಳ್ಳಾಯಿರಂ’, ಅಲ್ಲಿ ಕೇಳಿಸುವುದು ಸಾವಿರ. ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಕೇಳುವ ಎರಡನೆಯ ತರಗತಿಯ ಮಗು 90ರ ಜಾಗದಲ್ಲಿ 900 ಬರೆದರೆ ಸ್ಥಾನಬೆಲೆ ಗೊತ್ತಿಲ್ಲವೆಂದು ತೀರ್ಮಾನಿಸುವ ಮೊದಲು ಅಂಕೆಯಲ್ಲಿ ಬರೆದು ತೋರಿಸಿ ನೋಡಿ.

ಒಂದೇ ರೂಪದ ಪದಗಳು ಇನ್ನೂ ಅಪಾಯಕಾರಿ. ಮಲಯಾಳದ ‘ಅವಸರಂ’ ಅಂದರೆ ಅವಕಾಶ, ನಮ್ಮ ಅವಸರ ಗಡಿಬಿಡಿ. ಅವರ ‘ಉಪನ್ಯಾಸಂ’ ಪ್ರಬಂಧ, ನಮ್ಮದು ಭಾಷಣ. ಅವರ ‘ಪ್ರಸಂಗಂ’ ಭಾಷಣ. ಕುಂಬಳೆ ಸೀಮೆಯ ಮಗುವಿಗೆ ಪ್ರಸಂಗವೆಂದರೆ ಯಕ್ಷಗಾನದ ಕತೆ. ಇನ್ನು ಅವರ ‘ಸಂಸಾರಂ’ ಬರಿಯ ಮಾತುಕತೆ. ಇವುಗಳಿಗಾಗಿ ಪ್ರತಿ ಮಗುವಿಗೂ ಒಂದು ಪದಪುಸ್ತಕ ಮಾಡಿಸಿ. ಪುಟಕ್ಕೆ ನಾಲ್ಕು ಅಂಕಣ: ಪಠ್ಯದ ಕನ್ನಡ, ಮನೆಮಾತು, ಮಲಯಾಳ, ಇಂಗ್ಲಿಷ್. ಪಠ್ಯದ ದ್ಯುತಿಸಂಶ್ಲೇಷಣೆ ಮಲಯಾಳದಲ್ಲಿ ಪ್ರಕಾಶಸಂಶ್ಲೇಷಣಂ, ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಮನೆಮಾತಿನ ಅಂಕಣದಲ್ಲಿ ಒಂದು ಪದ ಸಿಗದು. ಅಲ್ಲಿ ‘ಎಲೆ ಬಿಸಿಲು ಹಿಡಿದು ತನ್ನ ಅನ್ನ ಬೇಯಿಸಿಕೊಳ್ಳುವುದು’ ಎಂಬುದನ್ನು ಮಗು ತನ್ನ ಮಾತಿನಲ್ಲಿ, ಕನ್ನಡ ಲಿಪಿಯಲ್ಲೇ ಬರೆಯಲಿ. ಮನೆಮಾತಿನ ಅಂಕಣವನ್ನು ತುಂಬಿಸಿದ ಮಕ್ಕಳು ಮೊದಲ ಅಂಕಣವನ್ನು ಮರೆಯುವುದು ಕಡಿಮೆ ಎಂಬುದು ನನ್ನ ಅನುಭವ.

ಪಾಠಕ್ಕೆ ತಕ್ಕ ಬಾಗಿಲು ತೆರೆಯಿರಿ

ನೋಡಿಸಬೇಕೋ, ಕೇಳಿಸಬೇಕೋ, ಮಾಡಿಸಬೇಕೋ ಎಂಬುದನ್ನು ಪಾಠವೇ ನಿರ್ಧರಿಸುತ್ತದೆ. ನಕ್ಷೆಯನ್ನು ಯಾವ ಮಗುವಾದರೂ ನೋಡಿಯೇ ಕಲಿಯಬೇಕು, ಪದ್ಯವನ್ನು ಕೇಳಿಯೇ ಕಲಿಯಬೇಕು, ಕೈವಾರ ಹಿಡಿಯುವುದನ್ನು ಹಿಡಿದೇ ಕಲಿಯಬೇಕು. ಮಗುವಿಗೆ ತಕ್ಕಂತೆ ಬದಲಾಗುವುದು ನೀವು ಎತ್ತಿಕೊಳ್ಳುವ ಉದಾಹರಣೆ, ಹೆಜ್ಜೆಯ ಗಾತ್ರ ಮತ್ತು ಮೊದಲು ತೆರೆಯುವ ಬಾಗಿಲು.

ಭಿನ್ನರಾಶಿಗೆ ನಾನು ನೀರುದೋಸೆಯಿಂದ ಆರಂಭಿಸುತ್ತೇನೆ. ಅರ್ಧಕ್ಕೆ ಮಡಚಿ ಮತ್ತೊಮ್ಮೆ ಮಡಚಿದರೆ ನಾಲ್ಕನೆಯ ಒಂದು. ಅದೇ ಅಳತೆಯ ಇನ್ನೊಂದು ದೋಸೆಯನ್ನು ಮೂವರಿಗೆ ಸಮನಾಗಿ ಹಂಚಲು ಹೇಳಿ. ಯಾರ ಪಾಲು ದೊಡ್ಡದು ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ತಕ್ಷಣ ಅದೇ ಆಕಾರವನ್ನು ಕಾಗದದಲ್ಲಿ ಬರೆಸಿ, ಕೆಳಗೆ ಅಂಶ, ಛೇದ ಎಂದು ಬರೆಸಿ. ಅದೃಷ್ಟಕ್ಕೆ ಈ ಎರಡು ಪದಗಳು ಮಲಯಾಳದಲ್ಲೂ ಹೆಚ್ಚು ಕಡಿಮೆ ಹೀಗೆಯೇ ಇವೆ.

ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ಯಕ್ಷಗಾನ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ತಾಳದಿಂದ ಹೇಳಿಕೊಟ್ಟೆ. ಅವಳು ಆರು ಮಾತ್ರೆಯ ರೂಪಕ ಹಾಕಬೇಕು, ನಾನು ನಾಲ್ಕು ಮಾತ್ರೆಯ ಏಕತಾಳ. ಒಟ್ಟಿಗೆ ಆರಂಭಿಸಿದರೆ ಇಬ್ಬರ ಮೊದಲ ಪೆಟ್ಟು ಮತ್ತೆ ಒಟ್ಟಾಗುವುದು ಹನ್ನೆರಡು ಮಾತ್ರೆ ಕಳೆದ ಮೇಲೆ. ಆರು ನಾಲ್ಕಲಿ ಇಪ್ಪತ್ತನಾಲ್ಕು ಎಂದು ಗುಣಿಸಿ ಕುಳಿತಿದ್ದವಳಿಗೆ ‘ಲಘುತ್ತಮ’ ಎಂಬ ಪದದ ಅರ್ಥ ಅಂಗೈಯಲ್ಲಿ ಸಿಕ್ಕಿತು. ಆದರೆ ತಾಳದ ಗಂಧವಿಲ್ಲದ ಮಗುವಿಗೆ ಇದನ್ನೇ ಹೇಳಿದರೆ ಒಂದು ಕಷ್ಟದ ಜಾಗದಲ್ಲಿ ಎರಡು ಕಷ್ಟ. ಆ ಮಗುವಿಗೆ ಆರು ದಿನಕ್ಕೊಮ್ಮೆ ಮತ್ತು ನಾಲ್ಕು ದಿನಕ್ಕೊಮ್ಮೆ ನೀರು ಹಾಯಿಸುವ ಎರಡು ತೋಟಗಳನ್ನು ಕೊಡಿ.

ರಸಾಯನ ವಿಜ್ಞಾನಕ್ಕೆ ನಮ್ಮ ಅಡಿಕೆ ತೋಟಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೊ ದ್ರಾವಣವನ್ನು ಶೇಕಡಾ 1ರ ಪ್ರಮಾಣದಲ್ಲಿ ಮಾಡಲು 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟನ್ನು) 50 ಲೀಟರ್ ನೀರಿನಲ್ಲೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲೂ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಶೇಕಡಾವಾರು ಲೆಕ್ಕ ಇಲ್ಲೇ ಇದೆ. ಆಮ್ಲೀಯ ದ್ರಾವಣವೊಂದನ್ನು ಪ್ರತ್ಯಾಮ್ಲ ತಟಸ್ಥಗೊಳಿಸುವುದೂ ಇಲ್ಲೇ ಇದೆ. ಹದ ನೋಡಲು ಹಿರಿಯರು ಉಜ್ಜಿದ ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ; ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ಬಣ್ಣ ತಾಮ್ರದ್ದು. ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ತಾನು ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ತಳ್ಳಿದೆ. ಪ್ರೌಢಶಾಲೆಯ ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂದು ಬರುವುದು ಇದುವೇ. ಈ ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಏಕೆ ಮಾಡುವುದಿಲ್ಲ ಎಂದು ಕೇಳಿ, ಸುಮ್ಮನೆ ಕಾಯಿರಿ. ತೋಟದ ಮನೆಯ ಮಗು ಆ ಉತ್ತರವನ್ನು ತಾನಾಗಿ ಕಂಡುಕೊಂಡಾಗ ಅದರ ಮುಖದಲ್ಲಿ ಬರುವ ಬೆಳಕನ್ನು ನೋಡಲು ನಾನು ಎಷ್ಟು ದಿನ ಬೇಕಾದರೂ ಕಾಯುತ್ತೇನೆ. ಮಗು ದೂರ ನಿಂತು ನೋಡಲಿ, ಕೈ ಹಾಕಬಾರದು.

ಬಾಯಾರು, ಪೈವಳಿಕೆ ಕಡೆಯ ಮಕ್ಕಳಿಗೆ ಅಂತರ್ಜಲದ ಪಾಠವನ್ನು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದಲೇ ಹೇಳಬಹುದು. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಹೇಗೆ ಇಳಿಯುತ್ತದೆ, ಸುರಂಗದ ನೆಲ ಬಾಯಿಯ ಕಡೆಗೆ ಏಕೆ ಇಳಿಜಾರಾಗಿದೆ ಎಂದು ಆ ಮಕ್ಕಳೇ ನಿಮಗೆ ವಿವರಿಸುತ್ತಾರೆ. ಕಡಲ ಬದಿಯ ಮಗುವಿಗೆ ಇದು ಹೊಸತು. ಅಲ್ಲಿ ಬೇರೆ ಬಾಗಿಲು ಹುಡುಕಿ.

ತೆರೆದ ಬಾಗಿಲಿನಲ್ಲೇ ನಿಲ್ಲಿಸಬೇಡಿ

ನಾನು ಆ ತಾಳಮದ್ದಳೆಯ ಹುಡುಗನಲ್ಲಿ ಎಡವಿದ್ದು ಇಲ್ಲಿಯೇ. ಇಷ್ಟದ ದಾರಿಯಿಂದ ಒಳಗೆ ಕರೆತಂದ ಮೇಲೆ ಕಷ್ಟದ ದಾರಿಯಲ್ಲೂ ನಡೆಸಲೇಬೇಕು. ಕೇಳಿದ್ದನ್ನು ಚಿತ್ರವಾಗಿಸಲಿ, ಚಿತ್ರವನ್ನು ಮೂರು ವಾಕ್ಯಗಳಾಗಿಸಲಿ, ಮಾಡಿದ್ದನ್ನು ಪಠ್ಯದ ಪದಗಳಲ್ಲಿ ಬರೆಯಲಿ. ಪರೀಕ್ಷೆ ನಡೆಯುವುದು ಗ್ರಾಂಥಿಕ ಕನ್ನಡದಲ್ಲಿ, ಕಾಗದದ ಮೇಲೆ. ದೋಸೆ ಅಲ್ಲಿಗೆ ಬರುವುದಿಲ್ಲ. ಒಂದು ವಿಷಯವನ್ನು ಮುಗಿಸುವ ಮೊದಲು ಪಠ್ಯಪುಸ್ತಕದ ಆ ಪುಟವನ್ನು ಮಗು ನಿಮ್ಮ ನೆರವಿಲ್ಲದೆ ಓದಿ ಅರ್ಥ ಹೇಳಬೇಕು ಎಂಬ ನಿಯಮ ಇಟ್ಟುಕೊಳ್ಳಿ.

ಮೂರು ಸ್ವಭಾವಗಳು

ಮಾತಾಡದ ಮಗುವಿಗೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಗೆ ಅದು ಬಹಳ ದೀರ್ಘವೆನಿಸುತ್ತದೆ, ಆದರೆ ಮನೆಮಾತಿನಿಂದ ಕನ್ನಡಕ್ಕೆ ಉತ್ತರವನ್ನು ಹೊತ್ತು ತರುವ ಮಗುವಿಗೆ ಅಷ್ಟು ಹೊತ್ತು ಬೇಕೇ ಬೇಕು. ಮಾತಿಗೆ ಬದಲು ಬರೆದು ತೋರಿಸಲೂ ಬಿಡಿ. ನಾನು ಬೇಕೆಂದೇ ತಪ್ಪು ಲೆಕ್ಕ ಮಾಡಿ ಹುಡುಕಲು ಕೊಡುತ್ತೇನೆ. ಅಧ್ಯಾಪಕರ ತಪ್ಪು ತಿದ್ದುವಾಗ ತೀರ ಸಂಕೋಚದ ಮಗುವೂ ಬಾಯಿ ತೆರೆಯುತ್ತದೆ.

ಬಾಯಿಪಾಠದ ಮಗುವಿಗೆ ಪ್ರಶ್ನೆಯ ರೂಪ ಬದಲಿಸಿ. ‘ಬಾಷ್ಪೀಭವನ ಎಂದರೇನು’ ಎಂದು ಕೇಳದೆ, ಅಂಗಳದಲ್ಲಿ ಹರಡಿದ ಅಡಿಕೆ ಮೋಡದ ದಿನಕ್ಕಿಂತ ಗಾಳಿಯ ದಿನ ಬೇಗ ಒಣಗುವುದೇಕೆ ಎಂದು ಕೇಳಿ. ಅದರ ನೆನಪಿನ ಶಕ್ತಿಯನ್ನು ಎಂದೂ ಹಳಿಯಬೇಡಿ. ಅದು ಒಂದು ಆಸ್ತಿ. ಆತುರದ ಮಗುವಿಗೆ ಕಡಿಮೆ ಲೆಕ್ಕ ಕೊಟ್ಟು ಎರಡು ವಿಧಾನದಲ್ಲಿ ಮಾಡಿಸಿದರೆ ಸಾಕು.

ಒಂದು ಗಂಟೆಯ ಬಳಕೆ

ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಲಿ. ಹಿಂದಿನ ಪಾಠದಲ್ಲಿ ನೆನಪಿರುವುದನ್ನೆಲ್ಲ ಮಗು ಖಾಲಿ ಹಾಳೆಯಲ್ಲಿ ಬರೆಯಲಿ ಅಥವಾ ಬಿಡಿಸಲಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದವರು ಒಂದು ವಾರದ ನಂತರ ಹೆಚ್ಚು ಉಳಿಸಿಕೊಂಡಿದ್ದರು. ಇದು ಎಲ್ಲ ಮಕ್ಕಳಿಗೂ ಒಪ್ಪುವ ವಿಧಾನ. ಮೊದಲ ವಾರ ಮಕ್ಕಳು ಇದನ್ನು ದ್ವೇಷಿಸುತ್ತಾರೆ ಎಂಬುದನ್ನು ಮನೆಯವರಿಗೂ ತಿಳಿಸಿಡಿ. ನಂತರದ ಅರ್ಧ ಗಂಟೆ ಹೊಸ ವಿಷಯ. ಉಳಿದ ಹೊತ್ತಿನಲ್ಲಿ ಮಗುವೇ ನಿಮಗೆ ಪಾಠ ಹೇಳಲಿ. ಆ ದಿನ ಕಲಿತದ್ದನ್ನು ಒಂದು ದಿನ ಬಿಟ್ಟು, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು ಮತ್ತೆ ಕೇಳಲು ದಿನಾಂಕ ಹಾಕಿಡಿ.

ಹತ್ತನೆಯ ತರಗತಿಯವರಿಗೆ ಇನ್ನೊಂದು ಅಭ್ಯಾಸ ಬೇಕು. ಕೇರಳದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಬರೆಯಲು ತೊಡಗುವ ಮೊದಲು ಪ್ರಶ್ನೆಪತ್ರಿಕೆ ಓದಲು 15 ನಿಮಿಷಗಳ ಕೂಲ್ ಆಫ್ ಟೈಮ್ ಇದೆ. ಇದನ್ನು ಬಳಸಲು ಡಿಸೆಂಬರಿನಿಂದಲೇ ಕಲಿಸಿ: ಪ್ರಶ್ನೆಯಲ್ಲಿ ಅರ್ಥವಾಗದ ಪದವನ್ನು ಗುರುತಿಸುವುದು, ಪದಪುಸ್ತಕದ ಬೇರೆ ಅಂಕಣಗಳಲ್ಲಿ ಅದಕ್ಕೆ ಏನಿತ್ತು ಎಂದು ನೆನಪಿಸಿಕೊಳ್ಳುವುದು, ಯಾವುದನ್ನು ಮೊದಲು ಬರೆಯಬೇಕೆಂದು ನಿರ್ಧರಿಸುವುದು. ಪದದ ಮುಂದೆ ಗಾಬರಿಯಾಗಿ ಗೊತ್ತಿದ್ದ ಉತ್ತರವನ್ನು ಬಿಟ್ಟು ಬಂದ ಮಕ್ಕಳನ್ನು ನಾನು ನೋಡಿದ್ದೇನೆ, ಆ ಸಂಕಟ ಯಾರಿಗೂ ಬೇಡ.

ತಿಂಗಳಿಗೊಮ್ಮೆ ನಿಮ್ಮ ಟಿಪ್ಪಣಿ ಪುಸ್ತಕವನ್ನು ಮೊದಲಿನಿಂದ ಓದಿ. ಜೂನ್‌ನಲ್ಲಿ ಬರೆದ ಮಾತು ಅಕ್ಟೋಬರ್‌ನಲ್ಲಿ ಸುಳ್ಳಾಗಿದ್ದರೆ ಹೊಡೆದುಹಾಕಿ. ಪಾಠ ಬಿಟ್ಟುಬಿಡುವ ಕಾಲವನ್ನೂ ನೀವೇ ಗುರುತಿಸಬೇಕು. ಮಗು ತಾನಾಗಿ ಪುಟ ಓದಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಬರಲು ತೊಡಗಿದ ವಾರದಿಂದ ಮೂರು ದಿನದ ಪಾಠವನ್ನು ಎರಡಕ್ಕೆ ಇಳಿಸಿ. ಆ ಪ್ರಶ್ನೆಗಳಲ್ಲಿ ಎರಡಕ್ಕೆ ಬರುವ ದಾರಿಯಲ್ಲೇ ಉತ್ತರ ಹೊಳೆಯಿತು ಎಂದು ಹೇಳಿದ ದಿನ ಒಂದಕ್ಕೆ ಇಳಿಸಿ. ಹಣ ಕಡಿಮೆಯಾಗುತ್ತದೆ, ಅಮ್ಮಂದಿರು ಆತಂಕಪಡುತ್ತಾರೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪದಪುಸ್ತಕದ ತುಂಬಿದ ಪುಟಗಳನ್ನು ಅವರ ಮುಂದೆ ಬಿಡಿಸಿಟ್ಟು, ಒಂದು ಪಾಠವನ್ನು ಮಗುವಿನಿಂದಲೇ ಅಮ್ಮನಿಗೆ ಮನೆಮಾತಿನಲ್ಲಿ ಹೇಳಿಸಿ.